ಪಾರೂನ ಮಿಸ್

ನಾನು ಅಮೆರಿಕಾ ನೋಡಿಕೊಂಡು ಬಂದೆ. ಕಣ್ಣು ತಣಿಯುವಷ್ಟು ನೋಡಿದೆ, ಹೊಟ್ಟೆ ಸುಡುವಷ್ಟು ಉರಿದುಕೊಂಡೆ. ನೋಡಿದ್ದನ್ನಷ್ಟೇ ಹೇಳಿದರೆ ನಮ್ಮ ಓಣಿಯ ಹೆಂಗಸರು ನಂಬುವುದಿಲ್ಲ, ಈ ಬಸವ್ವ ಯಾವಾಗಿನಿಂದ ಇಷ್ಟು ಒಳ್ಳೆಯವಳಾದಳು ಅನ್ನುತ್ತಾರೆ. ಅದಕ್ಕೇ ಉರಿದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೊಟ್ಟೆಯಲ್ಲಂತೂ ಸದ್ಯಕ್ಕೆ ಜಾಗವಿಲ್ಲ.

ಜರ್ಮನ್‌ಟೌನ್

ವಾಷಿಂಗ್ಟನ್ ವಿಮಾನ ನಿಲ್ದಾಣದ ಹೊರಗೆ ಪಾರು ನಿಂತಿದ್ದಳು. ನನ್ನ ಒಬ್ಬಳೇ ಮೊಮ್ಮಗಳು. ಕೊರೊನಾ ಬಂದಾಗಿನಿಂದ ಅವಳನ್ನು ಫೋನಿನ ಗಾಜಿನೊಳಗೇ ನೋಡಿ ನೋಡಿ, ಅವಳಿಗೆ ಕಾಲುಗಳೂ ಇವೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಆ ಕಾಲುಗಳಿಂದಲೇ ಓಡಿ ಬಂದು ನನ್ನನ್ನು ಮಗುವಿನ ಹಾಗೆ ಎತ್ತಿದಳು. ಒಂದು ಚಪ್ಪಲಿ ನೆಲದ ಮೇಲೇ ಉಳಿಯಿತು. ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಹಿಂದೆ ಬರುತ್ತಿದ್ದವರು ತಮ್ಮ ಪೆಟ್ಟಿಗೆಯ ಗಾಡಿ ನಿಲ್ಲಿಸಿಕೊಂಡು ಕಾದರು. ಕಾಯಲಿ ಬಿಡಿ. ಅವಳಿಗೆ ಪಾರ್ವತಿ ಎಂದು ಇಟ್ಟದ್ದು ನಮ್ಮವ್ವನ ಹೆಸರು. ಆದ್ದರಿಂದ ನಾನು ಅವಳನ್ನು ಅರ್ಧ ಹೊತ್ತು ಕೂಸು ಅನ್ನುತ್ತೇನೆ, ಅರ್ಧ ಹೊತ್ತು ಅವ್ವಾ ಅನ್ನುತ್ತೇನೆ. ಅವಳು ನನಗೆ ಆಯಿ ಅನ್ನುತ್ತಾಳೆ.

ಪಾರೂನ ತಾಯಿ, ನನ್ನ ಮಗಳು ಶಕುಂತಲಾ ಮತ್ತು ಅಳಿಯ ಇಬ್ಬರೂ ವಾಷಿಂಗ್ಟನ್ನಿನ ಹತ್ತಿರದ ಜರ್ಮನ್‌ಟೌನಿನಲ್ಲಿ ಔಷಧ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾರೆ. ಅವರದು ಅಪಾರ್ಟ್‌ಮೆಂಟು. ಬಾಗಿಲು ತೆರೆದರೆ ಅಂಗಳವಿಲ್ಲ, ಉದ್ದನೆಯ ಮೊಗಸಾಲೆ, ಅದರ ತುಂಬ ಕಾರ್ಪೆಟ್ಟು. ಬೆಳಿಗ್ಗೆ ಎದ್ದು ಅದರ ಮೇಲೆ ಅಕ್ಕಿಹಿಟ್ಟಿನ ರಂಗೋಲಿ ಹಾಕಿದೆ. ಕೆಲಸದಿಂದ ಬಂದ ಶಕುಂತಲಾ ವ್ಯಾಕ್ಯೂಮ್ ಯಂತ್ರ ತಂದು ಒಂದೇ ಸಲ ಎಳೆದಳು. ಕಮಲದ ಹೂವು ಗುಂಯ್ ಎಂದು ಒಳಗೆ ಹೋಯಿತು. ಎದುರು ಬಾಗಿಲಿನವರ ಹೆಸರೇನು ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಪಾರು ಇರುವುದು ದೂರದ ಅಟ್ಲಾಂಟಾದಲ್ಲಿ, ನನಗಾಗಿ ರಜೆ ಹಾಕಿ ಬಂದಿದ್ದಳು. ಅಲ್ಲಿ ಬಡವರಿಗೆ ಸರ್ಕಾರ ಕಟ್ಟಿಕೊಡುವ ಮನೆಗಳ ನಕ್ಷೆ ಬರೆಯುವುದು ಅವಳ ನೌಕರಿ. ಈಗ ವಾಷಿಂಗ್ಟನ್ನಿನ ಒಂದು ದೊಡ್ಡ ಕಂಪನಿ ಅವಳನ್ನು ಕರೆದಿತ್ತು. ಗಾಜಿನ ಕಟ್ಟಡ ಕಟ್ಟುವವರು. ಸಂಬಳವೂ ಹೆಚ್ಚು, ತಾಯಿಯ ಮನೆಗೆ ಸಂಜೆ ಹೋಗಿ ಬರುವಷ್ಟು ಹತ್ತಿರ. ಬರುವ ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹುಡುಗಿ ಎರಡನ್ನೂ ಹೇಳದೆ ಕೂತಿದ್ದಳು.

ನನ್ನನ್ನು ಅಟ್ಲಾಂಟಾಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗಿ ತನ್ನ ಕೆಲಸ ತೋರಿಸುತ್ತೇನೆಂದು ಪಾರು ಹೊರಟಾಗ, ಶಕುಂತಲಾ ನನ್ನನ್ನು ಅಡುಗೆಮನೆಗೆ ಕರೆದಳು.

“ಅವ್ವಾ, ನಮ್ಮ ಮಾತು ಆಕಿ ಕಿವಿಗೆ ಹಾಕ್ಕೊಳ್ಳಂಗಿಲ್ಲ. ನಿನ್ನ ಮಾತು ಮೀರಂಗಿಲ್ಲ. ಹೂಂ ಅನಿಸಿಕೊಂಡ ಬಾ.”

ಅದನ್ನು ಕೇಳಿ ನಾನು ಎಷ್ಟು ಉಬ್ಬಿದೆ ಎಂದರೆ, ರೊಟ್ಟಿ ಕಟ್ಟುವ ಬಟ್ಟೆಯ ಗಂಟೇ ಸರಿಯಾಗಿ ಬೀಳಲಿಲ್ಲ. ಇದು ನನ್ನ ಎಡಗೈ ಕೆಲಸ, ನೀನು ನಿಶ್ಚಿಂತಿಯಿಂದ ಇರು ಅಂದೆ.

ದಾರಿಯಲ್ಲಿ

ಅಲ್ಲಿನ ರಸ್ತೆಗೆ ಕೊನೆಯಿಲ್ಲ, ಕುರಿ ಇಲ್ಲ, ಎಮ್ಮೆ ಇಲ್ಲ, ಹಾರ್ನೂ ಇಲ್ಲ. ಕೈಯೊಡ್ಡಿದರೆ ನೀರು ತಾನೇ ಬರುವ ನಲ್ಲಿಯ ಮುಂದೆ ನಾನು ಬಹಳ ಹೊತ್ತು ಆಟವಾಡಿದೆ. ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಂದಿನ ಸೀಟಿನಲ್ಲಿ ಮಗುಚಿಕೊಂಡು ಕಾರಿಗೆಲ್ಲ ನಮ್ಮ ಮನೆಯ ವಾಸನೆ ಬಂತು. ಪಾರು ಬೈಯಲಿಲ್ಲ. ಕಿಟಕಿ ಮುಚ್ಚೇ ಇಟ್ಟಳು.

ದಾರಿಯುದ್ದಕ್ಕೂ ಅವಳ ಬಾಯಿಂದ ಅವಳ ಕೆಲಸದ ಕಥೆ ಕೇಳಿದೆ. ಓದು ಮುಗಿಸಿ ಮೊದಲು ಸೇರಿದ್ದು ಅಂಗಡಿ ಸಾಲು ಕಟ್ಟುವ ಕಂಪನಿಯನ್ನಂತೆ. ಅಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಗೆರೆ ಎಳೆದೂ ಎಳೆದೂ ಬೇಸತ್ತು ಸರ್ಕಾರಿ ಮನೆಗಳ ಕಡೆ ಬಂದಳು. ಅಲ್ಲಿ ಸಿಕ್ಕ ಮೊದಲ ಕೆಲಸ ವಯಸ್ಸಾದವರ ಕಟ್ಟಡದ ಮೆಟ್ಟಿಲಿಗೆ ರೇಲಿಂಗ್ ಬರೆದುಕೊಡುವುದು. ಅಷ್ಟೇ, ಒಂದು ರೇಲಿಂಗು. ಅದರ ಫೋಟೊ ಇನ್ನೂ ಫೋನಿನಲ್ಲಿದೆ. ಒಬ್ಬ ಮುದುಕ ಅದನ್ನು ಹಿಡಿದು ನಗುತ್ತಿದ್ದಾನೆ. ಆಮೇಲೆ ನೌಕರಿ ಮಾಡುತ್ತಲೇ ಊರು ಹೇಗೆ ಕಟ್ಟಬೇಕು ಎಂಬುದನ್ನೂ ಓದಿದಳು. ಬಸ್ಸು ಎಲ್ಲಿ ನಿಲ್ಲಬೇಕು, ಮಳೆನೀರು ಎಲ್ಲಿ ಹೋಗಬೇಕು, ಮಕ್ಕಳು ಎಲ್ಲಿ ಆಡಿದರೆ ತಾಯಿಗೆ ಕಾಣುತ್ತದೆ, ಇಂಥದ್ದು. ಈಗ ಮೊದಲ ಸಲ ಒಂದು ಇಡೀ ಮನೆಗುಂಪು ಅವಳ ಕೈಗೆ ಬಂದಿತ್ತು. ಹಳೆಯದನ್ನು ಕೆಡವಬೇಕು, ಅಲ್ಲಿದ್ದವರನ್ನು ಬೇರೆ ಕಡೆ ಇರಿಸಬೇಕು, ಹೊಸದು ಕಟ್ಟಿ ಅದೇ ಜನರನ್ನು ವಾಪಸು ತರಬೇಕು.

“ನೀ ಕಟ್ಟಿದ ಮನಿಯೊಳಗ ನೀನೂ ಇರ್ತೀಯೇನ?”

“ಇಲ್ಲ ಆಯಿ, ನನಗೆ ಕೊಡಲ್ಲ. ನಾನು ಸಾಕಷ್ಟು ಬಡವಿ ಅಲ್ಲ.”

ಇಷ್ಟರಲ್ಲಿ ಕಾರಿನ ಫೋನು ಹೊಡೆದುಕೊಂಡಿತು. ಪಾರು ಮುಖ ಅರಳಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿದಳು. ಆ ಕಡೆಯಿಂದ ದಪ್ಪ ಹೆಣ್ಣುದನಿ, ಮಾತಿಗೊಮ್ಮೆ ಬೇಬಿ, ಬೇಬಿ. ಯಾರು ಎಂದೆ. ಮಿಸ್ ಲೊರೆಟ್ಟಾ ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಫೋನು. ಆಮೇಲೆ ಮಾತೆಲ್ಲ ಅದೇ ಆಯಿತು. ಅಡುಗೆಮನೆಯ ಕಿಟಕಿ ಬೀದಿಗೆ ಇರಬೇಕು ಅಂತ ಮಿಸ್ ಲೊರೆಟ್ಟಾ ಹೇಳಿದರು, ಮಿಸ್ ಲೊರೆಟ್ಟಾಗೆ ಆ ಬಾಗಿಲು ಸೇರಲಿಲ್ಲ, ಮಿಸ್ ಲೊರೆಟ್ಟಾನ್ನ ಕೇಳದೆ ನಾನು ಏನೂ ಡಿಸೈಡ್ ಮಾಡಲ್ಲ.

ನನ್ನ ಕಾಲದಲ್ಲಿ ಶಾಲೆ ಕಲಿಸುವವರಿಗೆ ಅಕ್ಕೋರು ಅನ್ನುತ್ತಿದ್ದೆವು. ಈಗ ನಮ್ಮ ಓಣಿಯ ಇಂಗ್ಲಿಷ್ ಶಾಲೆಯ ಮಕ್ಕಳು ಮಿಸ್ ಅನ್ನುತ್ತವೆ. ಮಿಸ್ ಹೊಡೆದ್ರು, ಮಿಸ್ ಸ್ಟಾರ್ ಕೊಟ್ರು. ನನಗೆ ಅರ್ಥವಾಯಿತು. ಈಕೆ ಪಾರೂಗೆ ಕಾಲೇಜಿನಲ್ಲಿ ಕಲಿಸಿದ ಅಕ್ಕೋರು. ನಕ್ಷೆ ಬರೆಯುವುದನ್ನು ಕೈಹಿಡಿದು ತಿದ್ದಿದವರು. ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹೊತ್ತಿತು. ಆದರೂ ಗುರು ದೊಡ್ಡವರು, ನಾನು ತಡೆದುಕೊಂಡೆ. ಒಂದು ವಿಷಯ ಮಾತ್ರ ತಿಳಿದಿತ್ತು. ಕಂಪನಿಯ ವಿಷಯದಲ್ಲಿ ಹುಡುಗಿ ನನ್ನ ಮಾತು ಕೇಳಬೇಕಾದರೆ ಮೊದಲು ಈ ಅಕ್ಕೋರನ್ನು ದಾಟಬೇಕು.

ಕ್ಯಾರಿ

ದಾರಿಯ ನಡುವೆ ಸಿಗುವ ಕ್ಯಾರಿ ಎಂಬ ಊರಿನಲ್ಲಿ ಅಳಿಯನ ಗೆಳೆಯರು ಶ್ರೀಧರ, ಸುಮಾ ಅವರ ಮನೆಯಲ್ಲಿ ಇಳಿದೆವು. ಮೈಸೂರಿನವರು, ಕಂಪ್ಯೂಟರ್ ಕೆಲಸ. ಮನೆ ಅಂದರೆ ಮನೆ. ಆದರೆ ಆ ಬಡಾವಣೆಯಲ್ಲಿ ಎಲ್ಲ ಮನೆಯೂ ಅದೇ ಮನೆ. ಬೆಳಿಗ್ಗೆ ಅಡ್ಡಾಡಲು ಹೋದವಳು ತಿರುಗಿ ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತೆ. ಒಳಗಿನಿಂದ ಚಡ್ಡಿ ಹಾಕಿದ ಬಿಳಿಯ ಮನುಷ್ಯ ಕಾಫಿ ಹಿಡಿದು ಬಂದ. ಸುಮಾನ ಮನೆಗೆ ಬೇರೆ ಅತಿಥಿಗಳೂ ಬಂದಿದ್ದಾರೆ ಎಂದುಕೊಂಡು ಬರ್ರಿ, ಕುಂದರ್ರಿ ಅಂದೆ. ಅವನು ತನ್ನ ಮನೆಯಲ್ಲಿ ತಾನೇ ಸಂಕೋಚದಿಂದ ಕೂತ. ನನಗೂ ಒಂದು ಕಪ್ಪು ಕಾಫಿ ತಂದುಕೊಟ್ಟ, ಹಾಲಿಲ್ಲದ್ದು. ಸುಮಾ ಹುಡುಕಿಕೊಂಡು ಬರುವವರೆಗೆ ನಾವಿಬ್ಬರೂ ಚೆನ್ನಾಗಿಯೇ ಇದ್ದೆವು.

ತಿಂಡಿಗೆ ಕೂತಾಗ ಶ್ರೀಧರ ಪಾರೂನನ್ನು ಈಗ ಯಾವ ಪ್ರಾಜೆಕ್ಟು ಎಂದು ಕೇಳಿದರು. ಅವಳು ಗವರ್ನಮೆಂಟ್ ಮನೆ ಅಂದಳು.

“ಅಯ್ಯೋ, ಆರ್ಕಿಟೆಕ್ಟ್ ಅಂದ್ರೆ ನಮ್ಮ ಕಿಚನ್ ರಿಮಾಡೆಲ್ ಮಾಡ್ಕೊಡ್ತೀಯ ಅಂತ ಕಾಯ್ತಾ ಇದ್ದೆ ಕಣೇ,” ಅಂದಳು ಸುಮಾ. “ಆ ಕೆಲಸದಲ್ಲಿ ಏನಿದೆ? ಆಂಟಿ, ನೀವಾದ್ರೂ ಹೇಳಿ.”

ಹೇಳುವುದಕ್ಕೇ ಬಂದವಳು ನಾನು. ಆದರೆ ಬೇರೆಯವರ ಬಾಯಲ್ಲಿ ಅದನ್ನು ಕೇಳಿ ಮೈ ಉರಿಯಿತು. ದೋಸೆ ಮುರಿದೆ. ಅಷ್ಟರಲ್ಲಿ ಸುಮಾನ ಮಗಳು ಹಿಂಬಾಗಿಲಿನಿಂದ ಬಂದು, ಪಲ್ಯದ ಡಬ್ಬಿ ತುಂಬಿಸಿಕೊಂಡು, ತಾಯಿಯ ಕೆನ್ನೆಗೆ ಮುತ್ತಿಟ್ಟು ಹೋದಳು. ಅವಳ ಮನೆ ಅದೇ ಬೀದಿಯಲ್ಲಿ. ನಮ್ಮ ಶಕುಂತಲಾ ಬಾಗಿಲು ತೆರೆದರೆ ಬರೀ ಕಾರ್ಪೆಟ್ಟು. ಅವತ್ತು ನಾನು ಗಟ್ಟಿ ಮಾಡಿಕೊಂಡೆ. ಈ ಹುಡುಗಿಯನ್ನು ಅವಳ ತಾಯಿಗೆ ಒಪ್ಪಿಸಿಯೇ ಊರಿಗೆ ಹೋಗುತ್ತೇನೆ.

ಹೊರಡುವಾಗ ಸುಮಾನ ಹತ್ತಿರ ಒಂದು ತೆಂಗಿನಕಾಯಿ ಕೇಳಿ ಇಸಿದುಕೊಂಡೆ. ಅಕ್ಕೋರಿಗೆ ಉಡಿ ತುಂಬಬೇಕಲ್ಲ. ಪೆಟ್ಟಿಗೆಯಲ್ಲಿ ಕುಪ್ಪಸಕ್ಕೆಂದು ಗುಳೇದಗುಡ್ಡದ ಖಣ ಇತ್ತು.

ಅಟ್ಲಾಂಟಾ

ಕೆಂಪು ಇಟ್ಟಿಗೆಯ ತಗ್ಗು ಕಟ್ಟಡಗಳ ಸಾಲು. ನಡುವೆ ದೊಡ್ಡ ಮರಗಳು. ಕಾಲೇಜು ಹೀಗಿರುತ್ತದೆಯೇ ಎಂದು ನಾನು ನೋಡುತ್ತಿರುವಾಗಲೇ ಪಾರು ಒಂದು ಬಾಗಿಲಿನ ಮುಂದೆ ನಿಂತಳು. ಬಾಗಿಲು ತೆರೆದದ್ದು ಕಪ್ಪು ಬಣ್ಣದ ಅಗಲವಾದ ಹೆಂಗಸು. ನನ್ನ ವಯಸ್ಸು. ಮೊಣಕಾಲಿಗೆ ಪಟ್ಟಿ. ಹೂವಿನ ನೈಟಿ.

ನಮಸ್ಕಾರ ಮಿಸ್ ಎಂದು ನಾನು ಕಾಲು ಮುಟ್ಟಲು ಬಗ್ಗಿದೆ. ಆಕೆ ನಾನು ಬೀಳುತ್ತಿದ್ದೇನೆ ಎಂದು ತಿಳಿದು ಎರಡೂ ಕಂಕುಳಿಗೆ ಕೈಹಾಕಿ ಎತ್ತಿದಳು. ಕಾಯಿ ಉರುಳಿ ಮೆಟ್ಟಿಲು ಇಳಿಯಿತು. ಯಾರೋ ಕುರ್ಚಿ ತಂದರು, ಯಾರೋ ನೀರು ತಂದರು. ನಾನು ಬಗ್ಗಲು ನೋಡುತ್ತೇನೆ, ಆಕೆ ಬಿಡಳು. ಪಾರು ಗೋಡೆಗೆ ಆತು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ಆಯಿ, ಮಿಸ್ ಅಂದ್ರೆ ಟೀಚರ್ ಅಲ್ಲ. ಇಲ್ಲಿ ದೊಡ್ಡವರಿಗೆ ಎಲ್ಲರೂ ಹಾಗೆ ಕರೀತಾರೆ. ಇವರು ಈ ಮನೇಲಿ ಇರೋರು. ಬಾಡಿಗೆದಾರರು.”

ಲೊರೆಟ್ಟಾ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡಿ ನಿವೃತ್ತಿಯಾದವಳು. ಸಣ್ಣವಳಿದ್ದಾಗಲೇ ಶಾಲೆ ಬಿಟ್ಟು ದುಡಿಯಲು ಹೋದವಳು, ನನ್ನ ಹಾಗೆಯೇ. ಆಕೆ ಅಕ್ಕೋರಾಗಿದ್ದರೆ ನನಗೆ ಸಮಾಧಾನವಿತ್ತು. ಓದಿದವಳ ಮಾತು ಕೇಳಲಿ, ಸರಿ. ಆದರೆ ಓದದ ಮುದುಕಿಯೇ ಬೇಕಾಗಿದ್ದರೆ ಇವಳಿಗೆ ಮನೆಯಲ್ಲೇ ಒಬ್ಬಳು ಇರಲಿಲ್ಲವೇ? ಇದನ್ನು ಯಾರಿಗೆ ಹೇಳಲಿ.

ಕೊರೊನಾ ಕಾಲದಲ್ಲಿ ಪಾರು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಮನೆ ಮನೆಗೆ ಹೋಗಿ, ಕಿಟಕಿಯ ಹೊರಗೆ ನಿಂತು, ನಿಮಗೆ ಎಂಥ ಮನೆ ಬೇಕು ಎಂದು ಕೇಳುತ್ತಿದ್ದಳಂತೆ. ಆಗ ಕಿಟಕಿ ತೆರೆದು ಮೊದಲು ಬೈದವಳು ಈ ಲೊರೆಟ್ಟಾ. ಎರಡನೆಯ ಸಲ ಊಟ ಕೊಟ್ಟಳಂತೆ.

ಒಳಗೆ ಹೋದೆವು. ಚಮಚ ಎಲ್ಲಿದೆ ಎಂದು ಪಾರೂಗೆ ಗೊತ್ತಿತ್ತು. ಫ್ರಿಜ್ಜಿನ ಬಾಗಿಲ ಮೇಲೆ ಲೊರೆಟ್ಟಾಳ ಮೊಮ್ಮಕ್ಕಳ ಫೋಟೊಗಳಿದ್ದವು, ಸಾಲಿನ ನಡುವೆ ನಮ್ಮ ಪಾರು ಹಲ್ಲು ಕಿರಿದು ನಿಂತಿದ್ದಳು. ಊಟಕ್ಕೆ ಮೆಕ್ಕೆಜೋಳದ ರೊಟ್ಟಿಯಂಥ ಮೆತ್ತನೆಯ ಕೇಕು, ದಪ್ಪ ಎಲೆಯ ಸೊಪ್ಪಿನ ಪಲ್ಯ. ಎಲ್ಲರ ಪಲ್ಯಕ್ಕೆ ಮಾಂಸ ಹಾಕಿ, ಪಾರು ತಿನ್ನುವುದಿಲ್ಲ ಎಂದು ಬೇರೆ ಪಾತ್ರೆಯಲ್ಲಿ ಸಪ್ಪಗೆ ಬೇಯಿಸಿದ್ದಳು. ಅದರ ಮೇಲೆ ನನ್ನ ಚಟ್ನಿಪುಡಿ ಉದುರಿಸಿದೆ. ಆಕೆಯೂ ಕೇಳಿ ಹಾಕಿಸಿಕೊಂಡಳು, ಕಣ್ಣಲ್ಲಿ ನೀರು ಬಂದರೂ ಮತ್ತೊಮ್ಮೆ ತಟ್ಟೆ ಚಾಚಿದಳು. ಅಡುಗೆಯಲ್ಲಾದರೂ ಆಕೆ ಸೋಲಲಿ ಎಂದು ಕಾದಿದ್ದೆ. ಪಲ್ಯ ಚೆನ್ನಾಗಿತ್ತು.

ಸಂಜೆಯ ಹೊತ್ತಿಗೆ ಓಣಿಯವರೆಲ್ಲ ನನಗೂ ಮಿಸ್ ಬಸವ್ವ ಅನ್ನತೊಡಗಿದರು. ಅವರ ನಾಲಿಗೆಗೆ ಅದು ಮಿಸ್ ಬಾಸ್ ಆಯಿತು. ಅದಕ್ಕೆ ಮಾತ್ರ ನಾನು ಬೇಡ ಅನ್ನಲಿಲ್ಲ.

ಶನಿವಾರದ ಸಭೆ

ಅವರ ಸಮುದಾಯ ಭವನದಲ್ಲಿ ಪಾರು ತನ್ನ ನಕ್ಷೆಗಳನ್ನು ಗೋಡೆಗೆ ಅಂಟಿಸಿದಳು. ಜನ ತುಂಬಿದರು. ನನ್ನ ಮೊಮ್ಮಗಳು ಮುಂದೆ ನಿಂತು ಮಾತಾಡಿದರೆ ಇಡೀ ಕೋಣೆ ಕೇಳುತ್ತಿತ್ತು. ಪಕ್ಕದವರಿಗೆಲ್ಲ ನನ್ನ ಎದೆ ಮುಟ್ಟಿ, ಅವಳನ್ನು ತೋರಿಸಿ, ನನ್ನದು ನನ್ನದು ಎಂದು ಕನ್ನಡದಲ್ಲೇ ಹೇಳಿದೆ. ಅವರಿಗೆ ತಿಳಿಯಿತು.

ಆಮೇಲೆ ಮುದುಕಿಯರು ಶುರುಮಾಡಿದರು, ಮಾತಿನ ಅರ್ಥ ರಾತ್ರಿ ಪಾರು ಹೇಳಿದ್ದು. ಬೀದಿಯ ಕಡೆ ಕಿಟಕಿ ಇದ್ದರೆ ಬಸ್ಸಿನಿಂದ ಯಾರು ಇಳಿದರು ಎಂದು ನೋಡಬಹುದು ಎಂದು ಲೊರೆಟ್ಟಾ. ಬೀದಿಯ ಕಡೆ ಇದ್ದರೆ ಬಸ್ಸಿನವರೆಲ್ಲ ನನ್ನ ಪಾತ್ರೆ ನೋಡುತ್ತಾರೆ ಎಂದು ಇನ್ನೊಬ್ಬಳು. ನಮ್ಮ ಓಣಿಯ ನಲ್ಲಿಯ ಮುಂದಿನ ಜಗಳವೇ. ಪಾರು ಅಳಿಸುತ್ತಾಳೆ, ಬರೆಯುತ್ತಾಳೆ, ಮತ್ತೆ ಅಳಿಸುತ್ತಾಳೆ.

ಅಲ್ಲಿ ಕೂತು ನನಗೆ ನಮ್ಮ ಹಳೆಯ ಊರು ಕಣ್ಣಿಗೆ ಕಟ್ಟಿತು. ಹೊಳೆಯ ಹಿನ್ನೀರಿಗೆ ನಮ್ಮ ಹಳ್ಳಿ ಮುಳುಗಡೆಯಾಗಿ ಹೊಸ ಊರಿಗೆ ಬಂದವರು ನಾವು. ಹಳ್ಳಿಯಲ್ಲಿ ಗೋಡೆಗೆ ಗೋಡೆ ಹಂಚಿಕೊಂಡಿದ್ದ ಕಾಶವ್ವ ಹೊಸ ಊರಿನ ಇನ್ನೊಂದು ತುದಿಗೆ ಹೋದಳು. ಒಲೆ ಯಾವ ಕಡೆ ಇರಲಿ, ಕಟ್ಟೆ ಬೇಕೇ ಬೇಡವೇ ಎಂದು ನನ್ನನ್ನು ಕೇಳಿದವರಿಲ್ಲ. ಕೇಳುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಲೊರೆಟ್ಟಾಳನ್ನು ಕೇಳುತ್ತಿದ್ದರು. ಅದೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಹೊಟ್ಟೆಯಲ್ಲಿ ಹುಟ್ಟಿದವಳು, ಪೆನ್ಸಿಲ್ ಹಿಡಿದು, ಬಗ್ಗಿ ನಿಂತು.

ಕೊನೆಗೆ ಒಬ್ಬ ಮುದುಕ ಎದ್ದು ಏನೋ ಕೇಳಿದ. ಎಲ್ಲರೂ ಪಾರೂನ ಕಡೆ ತಿರುಗಿದರು. ಇದನ್ನೂ ಪಾರು ಆಮೇಲೆ ನನಗೆ ಬಿಡಿಸಿ ಹೇಳಿದಳು. ನಾವು ಇಲ್ಲಿಂದ ಹೋದ ಮೇಲೆ ನಮ್ಮನ್ನು ವಾಪಸು ಕರೆಯುತ್ತಾರೆ ಅನ್ನುವುದಕ್ಕೆ ಏನು ಗ್ಯಾರಂಟಿ ಎಂದು ಆತ ಕೇಳಿದ್ದ. ಪಾರು ಲೊರೆಟ್ಟಾಳ ಹೊಸ ಮನೆಯ ಬಾಗಿಲನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ, ಕೀಲಿ ನಾನೇ ಕೈಯಲ್ಲಿ ಕೊಡುತ್ತೇನೆ ಅಂದಿದ್ದಳು. ಆಗ ಲೊರೆಟ್ಟಾ ಕೈ ಎತ್ತಿದಳು. ಆಕೆಯ ಹಿಂದೆ ಒಂದೊಂದೇ ಕೈ ಎದ್ದವು. ಹಾಗಾದರೆ ಹೋಗುತ್ತೇವೆ ಎಂದು.

ವಾಷಿಂಗ್ಟನ್ನಿನ ಕಂಪನಿಯ ವಿಷಯ ಆ ಕೋಣೆಯಲ್ಲಿ ಗೊತ್ತಿದ್ದದ್ದು ಮೂವರಿಗೆ. ಪಾರು, ನಾನು, ಲೊರೆಟ್ಟಾ. ಆಕೆಗೂ ಹೇಳಿದ್ದಾಳೆ ಎಂದು ತಿಳಿದು ಇನ್ನೊಂದು ಕೊಳ್ಳಿ ಬಿತ್ತು.

ಭಾನುವಾರ

ಮಾರನೆಯ ಸಂಜೆ ಲೊರೆಟ್ಟಾಳ ಮೆಟ್ಟಿಲ ಮೇಲೆ ಕೂತಿದ್ದೆವು. ಬಿಸಿಲು ಇನ್ನೂ ಮರದ ಮೇಲಿತ್ತು. ಪಾರು ನಮ್ಮಿಬ್ಬರ ನಡುವೆ ಒಂದು ಮೆಟ್ಟಿಲು ಕೆಳಗೆ.

“ಆಯಿ, ನಾಳೆ ಹೇಳಬೇಕು,” ಅಂದಳು. “ಮಮ್ಮಿ ನಿನ್ನ ಯಾಕ ಕಳಿಸಿದ್ಲು, ನನಗ ಗೊತ್ತು. ಫಸ್ಟ್ ಮಿಸ್ ಲೊರೆಟ್ಟಾಗೆ ಕೇಳ್ತೀನಿ. ಆಮೇಲೆ ನೀನು ಹೇಳು.”

ಫಸ್ಟ್. ಅಷ್ಟು ಇಂಗ್ಲಿಷು ನನಗೂ ಬರುತ್ತದೆ.

ಪಾರು ಇಂಗ್ಲಿಷಿನಲ್ಲಿ ಕೇಳಿದಳು. ಲೊರೆಟ್ಟಾ ಮೊಣಕಾಲು ತಿಕ್ಕಿಕೊಂಡಳು. ಆಮೇಲೆ ಪಾರೂನ ತಲೆಯ ಮೇಲೆ ಕೈಯಿಟ್ಟು ನಾಲ್ಕು ಮಾತು ಹೇಳಿದಳು. ಪಾರೂನ ಕಣ್ಣು ತುಂಬಿದವು.

“ಏನಂದ್ಲು?”

“ಹೋಗು ಅಂತಾರೆ. ಅಮ್ಮನ ಹತ್ತಿರ ಹೋಗು. ನಿನ್ನ ಅಜ್ಜಿ ಸಮುದ್ರ ದಾಟಿ ನಿನ್ನ ಕರಕೊಂಡು ಹೋಗೋಕೆ ಬಂದಾರೆ, ನನಗೆ ಕಾಣಿಸಲ್ಲ ಅನ್ಕೊಂಡ್ಯಾ ಅಂತಾರೆ.”

ಅದು ನನ್ನ ಮಾತು. ಜರ್ಮನ್‌ಟೌನಿನ ಅಡುಗೆಮನೆಯಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಮಾತು. ಕ್ಯಾರಿಯಲ್ಲಿ ಗಟ್ಟಿಮಾಡಿದ್ದು, ಇವತ್ತು ಬಿಚ್ಚಬೇಕೆಂದು ಇಟ್ಟದ್ದು. ಆಕೆ ಮೊದಲೇ ಆಡಿಬಿಟ್ಟಳು. ಈಗ ನಾನೂ ಹೋಗು ಅಂದರೆ ಹುಡುಗಿ ಹೋಗುತ್ತಾಳೆ, ಆದರೆ ಮಿಸ್ಸಿನ ಮಾತು ಕೇಳಿ ಹೋಗುತ್ತಾಳೆ. ನಾನು ಇಲ್ಲಿಯವರೆಗೆ ಬಂದದ್ದು ಹಿಂದಿನಿಂದ ಹೂಂಗುಟ್ಟುವುದಕ್ಕೇ?

“ಹೋಗಬ್ಯಾಡ,” ಅಂದೆ.

ಪಾರು ತಿರುಗಿ ನೋಡಿದಳು.

“ಆಯಿ, ವಾಟ್?”

“ಹೋಗಬ್ಯಾಡ ಅಂದೆ. ಮಂದಿ ಮುಂದ ಬಾಗಲಾ ತೋರಿಸಿ ಮಾತು ಕೊಟ್ಟೀ. ಊರು ಬಿಟ್ಟು ಹೋಗೋದು ಅಂದ್ರ ಏನು ಅಂತ ನಿಮ್ಮವ್ವಗ ಗೊತ್ತಿಲ್ಲ, ನನಗ ಗೊತ್ತೈತಿ. ಕೀಲಿ ಈಕಿ ಕೈಯಾಗ ಇಡು. ಆಮ್ಯಾಲೆ ಎಲ್ಲಿ ಬೇಕಾದರೂ ಹೋಗು.”

ಮೊದಲು ನನ್ನ ಬಾಯಿ ತೆರೆಸಿದ್ದು ಹೊಟ್ಟೆಕಿಚ್ಚೇ, ಅದರಲ್ಲಿ ಸುಳ್ಳಿಲ್ಲ. ಆದರೆ ಆಡಿ ಮುಗಿಸುವ ಹೊತ್ತಿಗೆ ಕಾಶವ್ವನ ಮುಖ ಎದುರಿಗೆ ಬಂದಿತ್ತು, ಹೇಳಿದ್ದು ಸರಿಯೇ ಎಂದು ನನಗೇ ಅನ್ನಿಸಿತು.

ಪಾರು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಲೊರೆಟ್ಟಾ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಏನೋ ಗೊಣಗಿದಳು. ಏನಂತಾಳೆ ಎಂದೆ. ನಿನ್ನ ಅಜ್ಜಿ ಭಾಳ ಹಠಮಾರಿ ಅಂತಾರೆ ಅಂದಳು ಪಾರು. ಆಕೆಗೂ ಅದನ್ನೇ ಹೇಳು ಅಂದೆ.

ಪಾರು ಎದ್ದು ಮರದ ಕೆಳಗೆ ಅತ್ತ ಇತ್ತ ಓಡಾಡಿದಳು. ನಾವಿಬ್ಬರು ಮುದುಕಿಯರು ಅವಳನ್ನೇ ನೋಡುತ್ತ ಕೂತೆವು. ಆಮೇಲೆ ಅವಳು ಬಂದು ನನ್ನ ಮುಂದೆ ಮೊಣಕಾಲೂರಿದಳು.

“ಆಯ್ತು. ಆಯಿ ಹೇಳಿದ ಮೇಲೆ ಆಯ್ತು.”

ಎದ್ದು, ಅಲ್ಲೇ ನಿಂತು ಫೋನಿನಲ್ಲಿ ಕಂಪನಿಗೆ ಊಹೂಂ ಎಂದು ಒತ್ತಿ ಕಳಿಸಿದಳು. ನಾನು ಗೆದ್ದೆ. ಲೊರೆಟ್ಟಾಳ ಮಾತು ಕೆಳಗೆ ಬಿತ್ತು, ನನ್ನ ಮಾತು ನಿಂತಿತು. ನನಗೆ ಸಂತೋಷ ಎಷ್ಟು ಉಕ್ಕಿತು ಎಂದರೆ ಕೂತಲ್ಲೇ ಚಪ್ಪಾಳೆ ತಟ್ಟಿದೆ.

ತಟ್ಟಿ ನೋಡುತ್ತೇನೆ, ಲೊರೆಟ್ಟಾ ಪಾರೂನನ್ನು ತಬ್ಬಿಕೊಂಡು ಅಳುತ್ತಿದ್ದಾಳೆ. ಅಷ್ಟಗಲದ ತೋಳಿನೊಳಗೆ ನಮ್ಮ ಹುಡುಗಿ ಕಾಣಿಸಲೇ ಇಲ್ಲ. ಬೇಬಿ, ಬೇಬಿ ಅನ್ನುವುದಷ್ಟೇ ಕೇಳುತ್ತಿತ್ತು. ಆಗ ತಿಳಿಯಿತು ನಾನು ಏನು ಮಾಡಿದೆ ಎಂದು. ನನ್ನ ಮಾತು ಗೆದ್ದಿತ್ತು, ಹುಡುಗಿ ಅವಳ ಪಾಲಿಗೆ ಬಿದ್ದಿದ್ದಳು. ನಾಳೆಯಿಂದ ಪಲ್ಯ ಅಲ್ಲೇ, ಬೈಗುಳ ಅಲ್ಲೇ. ಉಡಿ ತುಂಬಲೆಂದು ತಂದಿದ್ದ ಖಣವನ್ನು ತೆಗೆದು ಲೊರೆಟ್ಟಾಳ ಮಡಿಲಿಗೆ ಹಾಕಿದೆ. ಸ್ವಲ್ಪ ಜೋರಾಗಿಯೇ ಹಾಕಿದೆ.

ಮರಳಿ

ಪಾರು ನನ್ನನ್ನು ವಾಷಿಂಗ್ಟನ್ನಿನ ವಿಮಾನ ಹತ್ತಿಸಿದಳು. ಕಿಟಕಿಯಿಂದ ಕೆಳಗೆ ಎಲ್ಲ ಮನೆಯೂ ಬೆಂಕಿಪೆಟ್ಟಿಗೆ. ಅದರಲ್ಲಿ ಯಾವ ಯಾವುದು ಮುಂದೆ ನನ್ನ ಕೂಸು ಕಟ್ಟಿದ್ದಾಗುತ್ತದೆ ಎಂದು ಲೆಕ್ಕ ಹಾಕಿ, ಪಕ್ಕದ ಸೀಟಿನ ಹೆಂಗಸಿಗೆ ಬೆರಳು ಮಾಡಿ ತೋರಿಸಿದೆ. ಆಕೆ ತಲೆಯಾಡಿಸಿದಳು. ಅವಳಿಗೂ ಮೊಮ್ಮಕ್ಕಳಿರಬೇಕು.

ವಾಷಿಂಗ್ಟನ್ನಿನಲ್ಲಿ ಶಕುಂತಲಾ ಒಬ್ಬಳೇ ಬಂದಿದ್ದಳು. ಪಾರು ತಾಯಿಗೆ ಏನೂ ಹೇಳಿರಲಿಲ್ಲ, ಆಯಿ ಬಂದು ಹೇಳುತ್ತಾಳೆ ಎಂದು ಫೋನು ಇಟ್ಟಿದ್ದಳಂತೆ.

“ಅವ್ವಾ, ನಿನ್ನ ಮಾತು ಕೇಳಿದಳೇನ?”

“ಕೇಳಿದಳು,” ಅಂದೆ.

ಮಗಳ ಮುಖ ಹುಣ್ಣಿಮೆಯಾಯಿತು. ನನ್ನ ಕೈಯಿಂದ ಚೀಲ ಕಸಿದುಕೊಂಡು ಎದೆಗೆ ಒತ್ತಿಕೊಂಡಳು.

“ನನಗ ಗೊತ್ತಿತ್ತು. ನಿನ್ನ ಮಾತು ಮೀರಂಗಿಲ್ಲ ಆಕಿ. ಯಾವಾಗ ಬರ್ತಾಳಂತ?”

“ಮೊದಲ ಆ ಚೀಲ ಗಾಡಿಯೊಳಗ ಇಡು,” ಅಂದೆ. “ಹಂಗ ನೀನೂ ಒಂದೀಟು ಕುಂದರು.”